ಹನ್ನೊಂದನೇ ಬೊಡ್ಡೆ ಮಲಗಿಲ್ಲ

ಫೆಬ್ರವರಿ 14, ಬೆಳಿಗ್ಗೆ 5:50

ಬೂಟು ಇನ್ನೂ ಒದ್ದೆ. ನಿನ್ನೆ ತೊಳೆದದ್ದೇ ತಪ್ಪು. ಬೂದಿ ಮೆತ್ತಿದ ಬೂಟನ್ನು ತೊಳೆಯಬಾರದು, ಬಡಿಯಬೇಕು — ರೇಡಿಯೊ ಮೂರು ಸಲ ಹೇಳಿದ್ದ. ಆದರೆ ಅವನು ದಿನಕ್ಕೆ ಮುನ್ನೂರು ಮಾತು ಹೇಳುತ್ತಾನೆ. ಯಾವುದನ್ನು ಕಿವಿಗೆ ಹಾಕಿಕೊಳ್ಳುವುದು? ವಾಕಿಟಾಕಿ ಹೊರುವ ಕೆಲಸ ಅವನದು. ಆ ಹೆಸರು ಬಂದದ್ದು ಅದರಿಂದಲ್ಲ, ಬಾಯಿಂದ.

ಗಂಡಸರು ಏಳು ಜನ ಉದ್ದನೆಯ ತಗಡಿನ ಶೆಡ್ಡಿನಲ್ಲಿ. ನನಗೆ ಸ್ಟೋರ್ ರೂಮು. ಗುದ್ದಲಿ, ರೇಕು, ಹಗ್ಗದ ಸುರುಳಿ, ಬೆನ್ನಿಗೆ ಕಟ್ಟುವ ನೀರಿನ ಪಂಪು, ನಡುವೆ ಮಂಚ. ಎದ್ದು ಕೂತರೆ ಗೂಟಕ್ಕೆ ಹಾಕಿದ ಹೆಲ್ಮೆಟ್ ತಲೆಗೆ ಬಡಿಯುತ್ತದೆ.

ಪಾರ್ಕಿನ ಬೆಂಕಿ ತಂಡಕ್ಕೆ ಸೇರಿ ಹದಿನೇಳು ದಿನ. ಬೇಸಿಗೆ ಮುಗಿಯುವವರೆಗೆ ಮಾತ್ರ ಎಂದು ಆರ್ಡರಿನಲ್ಲಿದೆ. ನಿಜವಾದ ಬೆಂಕಿ ಇನ್ನೂ ಕಂಡಿಲ್ಲ. ಮುಂಜಾಗ್ರತೆಗೆಂದು ನಾವೇ ಒಂದು ತುಂಡು ಹುಲ್ಲು ಸುಟ್ಟದ್ದು ಬಿಟ್ಟರೆ, ಇದುವರೆಗೆ ಮಾಡಿದ್ದು ಗುಡಿಸುವುದು. ಬೆಂಕಿ ದಾಟಬಾರದೆಂದು ಕಾಡಿನ ನಡುವೆ ಬೋಳಿಸಿಟ್ಟ ಪಟ್ಟಿ ಇದೆ, ಫೈರ್ ಲೈನ್, ಹದಿನಾಲ್ಕು ಕಿಲೋಮೀಟರ್. ಅದರ ಮೇಲೆ ದಿನಾ ಎಲೆ ಬೀಳುತ್ತದೆ. ದಿನಾ ಗುಡಿಸುತ್ತೇವೆ.

ನಿನ್ನೆ ಫೋನಿನಲ್ಲಿ ಅಮ್ಮ: "ಅಂಗಳ ಗುಡಿಸು ಅಂದ್ರೆ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಈಗ ಎಂ.ಎ. ಮಾಡ್ಕೊಂಡು ಕಾಡು ಗುಡಿಸ್ತಿದ್ದಾಳೆ ಮಹಾರಾಯ್ತಿ." ಹೊಲಿಗೆ ಯಂತ್ರ ನಿಲ್ಲಿಸದೆಯೇ ಮಾತಾಡುತ್ತಾಳೆ. ನನಗಿಂತ ಗಿರಾಕಿಯ ಬ್ಲೌಸು ಮುಖ್ಯ.

ಹೊರಗೆ ಹಾರ್ನ್. ಡ್ರೈವರಣ್ಣ. ಹೊರಟೆ.

ಫೆಬ್ರವರಿ 15, ಸಂಜೆ

ಇವತ್ತು ಮೇಸ್ತ್ರಿ ಕೈಯಿಟ್ಟು ನೋಡುವುದನ್ನು ಕಲಿಸಿದರು.

ಮೇಸ್ತ್ರಿ ನಮ್ಮ ತಂಡದ ಹಿರಿಯರು. ಇಪ್ಪತ್ತಾರು ಬೇಸಿಗೆ ಇಲ್ಲೇ ಕಳೆದಿದ್ದಾರೆ. ಓದು ಬಾರದು. ಸೈನ್ ಬರುತ್ತದೆ, ಅದನ್ನೂ ರಂಗೋಲಿ ಬಿಡಿಸುವ ಹಾಗೆ ನಿಧಾನವಾಗಿ ಹಾಕುತ್ತಾರೆ. ಲಾಗ್ ಬುಕ್ ನನ್ನ ಕೈಗೆ ಬಂದದ್ದು ಹಾಗೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ, ಅವರು ಸೈನ್ ಹಾಕುತ್ತಾರೆ. ಹೆಸರೂ ಬಂತು — ಪೆನ್ನಮ್ಮ.

ಹೋದ ವಾರ ತಂಡದವರೇ ಬೇಕೆಂದು ಸುಟ್ಟ ಹುಲ್ಲಿನ ತುಂಡು. ನಡುವೆ ಕರಿ ಹಿಡಿದ ಒಂದು ಮರದ ಬೊಡ್ಡೆ.

"ಗ್ಲೌಸ್ ತೆಗಿ. ಅಂಗೈ ಅಲ್ಲಮ್ಮ, ಹಿಂಬದಿ. ಅಂಗೈ ಸುಳ್ಳು ಹೇಳುತ್ತೆ. ಗುದ್ದಲಿ ಹಿಡಿದೂ ಹಿಡಿದೂ ದಪ್ಪ ಆಗಿರುತ್ತಲ್ಲ."

"ನಂದು ಇನ್ನೂ ದಪ್ಪ ಆಗಿಲ್ಲ," ಎಂದೆ.

"ಏನಂದೆ?"

"ಏನಿಲ್ಲ."

"ಇವಳು ಮಾತಾಡಿದ್ರೆ ಇರುವೆಗೆ ಮಾತ್ರ ಕೇಳೋದು," ಎಂದ ರೇಡಿಯೊ. ಎಲ್ಲರೂ ನಕ್ಕರು. ಮೇಸ್ತ್ರಿಯೂ.

ಬೂದಿ ಕೆದಕಿ, ಬೇರಿನ ಹತ್ತಿರ, ನಾಲ್ಕು ಬೆರಳು ಮೇಲೆ ಕೈ ಹಿಡಿಯಬೇಕು. ಹತ್ತರವರೆಗೆ ಎಣಿಸಬೇಕು. ಹತ್ತು ತಡೆದರೆ ಬೆಂಕಿ ಮಲಗಿದೆ. ತಡೆಯದಿದ್ದರೆ ಎದ್ದಿದೆ. ಅವರ ಭಾಷೆಯಲ್ಲಿ ಬೆಂಕಿ ಆರುವುದಿಲ್ಲ, ಮಲಗುತ್ತದೆ.

"ಬೊಡ್ಡೆ ನಂಬಬಾರ್ದು. ಮೇಲೆ ಸತ್ತ ಹಾಗೆ ಮಾಡುತ್ತೆ, ಬೇರೊಳಗೆ ನಡ್ಕೊಂಡು ಹೋಗ್ತಾ ಇರುತ್ತೆ. ವಾರ ಬಿಟ್ಟು ಇನ್ನೆಲ್ಲೋ ಏಳುತ್ತೆ. ಮೊದಲು ಅಗೀಬೇಕು, ಆಮೇಲೆ ನೀರು. ಮೊದಲೇ ನೀರು ಹಾಕಿದ್ರೆ ಬೂದಿ ಗಟ್ಟಿಯಾಗಿ ಮುಚ್ಚಳ ಆಗುತ್ತೆ. ಒಳಗೆ ಬೆಚ್ಚಗೆ ಇರುತ್ತೆ, ನಮ್ಮ ಕೈಗೂ ಗೊತ್ತಾಗಲ್ಲ."

ಲಾಗ್ ಬುಕ್ಕಿನಲ್ಲಿ ಬರೆದ ಮೇಲೆ ಮೇಸ್ತ್ರಿ ಪುಟವನ್ನು ದೂರ ಹಿಡಿದು ನೋಡಿದರು. "ಚಂದ ಇದೆ. ಇರುವೆ ಸಾಲು ಹೋದ ಹಾಗೆ." ಅವರ ತಲೆಯ ಮೇಲೆ ಹತ್ತಿಪ್ಪತ್ತು ಕೂದಲು, ಅವನ್ನೂ ಎಣ್ಣೆ ಹಾಕಿ ಅಡ್ಡಕ್ಕೆ ಬಾಚುತ್ತಾರೆ. ಮುದುಕನಿಗೆ ಶೋಕಿ.

ಫೆಬ್ರವರಿ 19, 11:20

ಪೂರ್ವದ ಗುಡ್ಡದಲ್ಲಿ ಹೊಗೆ. ಕಾವಲು ಗೋಪುರದಿಂದ ಕೂಗು. ಇದು ಗುಡಿಸುವುದಲ್ಲ. ಬೂಟು—

ಫೆಬ್ರವರಿ 21, ಮಧ್ಯಾಹ್ನ

ಎರಡು ದಿನ. ಗುಡ್ಡದ ಒಂದು ಮಗ್ಗುಲು ಪೂರ್ತಿ ಹೋಯಿತು. ಆದರೆ ಫೈರ್ ಲೈನ್ ದಾಟಲಿಲ್ಲ. ನಾವು ದಿನಾ ಗುಡಿಸಿದ ಪಟ್ಟಿಗೆ ಬಂದು, ಆಚೆ ಈಚೆ ನೋಡಿ, ನಿಂತುಬಿಟ್ಟಿತು. ಎಲೆ ಗುಡಿಸುವುದರ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಮೂಗಿನಿಂದ ಕಪ್ಪು ಬರುತ್ತಿದೆ. ಮಂಡಿ ಚರ್ಮ ಕಿತ್ತಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಹೆದರಲು ಪುರುಸೊತ್ತು ಇರಲಿಲ್ಲ.

ರೇಡಿಯೊ ತನ್ನ ಬಾಟಲಿಯ ನೀರನ್ನು ನನ್ನ ಬಾಟಲಿಗೆ ಸುರಿದ. ಸುರಿಯುವಾಗ ಒಂದೇ ಒಂದು ಮಾತಾಡಲಿಲ್ಲ. ಹುಬ್ಬು ಅರ್ಧ ಸುಟ್ಟುಹೋಗಿತ್ತು. ಆದರೂ ನೋಡಲು ಚೆನ್ನಾಗಿದ್ದ. ಬಹಳ ಹೊತ್ತು ನೋಡಿದೆ.

ಇದನ್ನೆಲ್ಲ ಯಾಕೆ ಬರೆಯುತ್ತೇನೋ. ಇರಲಿ. ಯಾರು ಓದುತ್ತಾರೆ.

ಫೆಬ್ರವರಿ 22, ಸಂಜೆ 6:40

ಸಿಟ್ಟು ಬಂದಿದೆ. ಒಂದೊಂದಾಗಿ ಬರೆಯಬೇಕು.

ಬೆಳಿಗ್ಗೆ ಸುಟ್ಟ ಗುಡ್ಡಕ್ಕೆ ಹೋದೆವು. ಒಟ್ಟು ಇಪ್ಪತ್ತಮೂರು ಬೊಡ್ಡೆ. ಸೀಮೆಸುಣ್ಣದಿಂದ ನಂಬರ್ ಹಾಕಿದೆ. ಎಂಟರವರೆಗೆ ಅಗೆದು ನೋಡಿದ್ದಾಯಿತು. ಅಷ್ಟರಲ್ಲಿ ಹೊಸ ಟ್ಯಾಂಕರ್ ಬಂತು. ಕೆಂಪಗೆ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಹಿಂದೆ ಜೀಪಿನಲ್ಲಿ ರೇಂಜಿನ ಸಾಹೇಬರು — ನಾನು ಮನಸ್ಸಿನಲ್ಲೇ ಇಸ್ತ್ರಿ ಸಾಹೇಬರು ಎನ್ನುತ್ತೇನೆ, ಎರಡು ದಿನದ ಬೆಂಕಿಯಲ್ಲೂ ಅವರ ಅಂಗಿಯ ಗೆರೆ ಮುರಿದಿರಲಿಲ್ಲ — ಜೊತೆಗೆ ಒಬ್ಬ ಫೋಟೊಗ್ರಾಫರ್.

ಫೋಟೊಗೆಂದು ಒಂಬತ್ತರಿಂದ ಹದಿನೈದರವರೆಗಿನ ಬೊಡ್ಡೆಗಳಿಗೆ ನೀರು ಬಿಟ್ಟರು. ಪೈಪು ಸಾಹೇಬರ ಕೈಯಲ್ಲಿ.

ಮೇಸ್ತ್ರಿ ಓಡಿದರು. "ಸಾರ್, ಇನ್ನೂ ಅಗೆದಿಲ್ಲ ಸಾರ್."

"ಬೆಂಕಿಗೆ ನೀರು ಹಾಕೋದು ತಪ್ಪು ಅಂತ ನಿನ್ನಿಂದ ಕಲೀಬೇಕೇನಯ್ಯಾ?"

ಫೋಟೊಗ್ರಾಫರ್ ನಕ್ಕ. ಮೇಸ್ತ್ರಿ ಸಾಹೇಬರಿಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಏನಯ್ಯಾ ಅಂತೆ!

ಅವರು ಹೋದ ಮೇಲೆ ಒದ್ದೆ ಬೂದಿ ಒಡೆದು ಅವನ್ನೂ ಉಳಿದವನ್ನೂ ಒಂದೊಂದಾಗಿ ನೋಡಿದೆವು. ಹನ್ನೊಂದನೇದರಲ್ಲಿ ಹಳ್ಳದ ಕಡೆಯ ಬೇರು, ದಪ್ಪ, ಮಣ್ಣೊಳಗೆ ಹೋಗಿದೆ. ಮೇಸ್ತ್ರಿ ಕೈ ಹಿಡಿದರು. ಏಳಕ್ಕೆ ತೆಗೆದರು. "ನೀನು ನೋಡು." ನಾನು ಐದಕ್ಕೇ ತೆಗೆದೆ. ಆಗ ಗಂಟೆ 4:50. ಅಗೆಯಲು ಹೊತ್ತಿರಲಿಲ್ಲ.

ಅಲ್ಲೇ ಕೂತು ಮೇಸ್ತ್ರಿ ಹೇಳಿದರು, ನಾನು ಬರೆದೆ. ಅವರ ಮಾತಿನಲ್ಲೇ ಬರೆದೆ, ತಿದ್ದಲು ಮನಸ್ಸು ಬರಲಿಲ್ಲ.

ಇಪ್ಪತ್ತಮೂರು ಬೊಡ್ಡೆ ನೋಡಿದ್ವಿ.
ಇಪ್ಪತ್ತೆರಡು ಮಲಗಿವೆ.
ಹನ್ನೊಂದನೇ ಬೊಡ್ಡೆ ಮಲಗಿಲ್ಲ.
ಹಳ್ಳದ ಕಡೆ ಬೇರು, ಏಳಕ್ಕೆ ಕೈ ತೆಗೆದೆ.
ಅಗೆಯೋಕೆ ನಾಲ್ಕು ಜನ, ಅರ್ಧ ದಿನ ಬೇಕು.
ನಾಳೆ ನಾನೇ ಬಂದು ಕೈ ಇಟ್ಟು ನೋಡ್ತೀನಿ, ಅಲ್ಲೀವರೆಗೆ ಯಾರೂ ಆರಿದೆ ಅನ್ನಬಾರ್ದು.

ಕ್ಯಾಂಪಿಗೆ ಹೋಗಿ ಕೈ ತೊಳೆದು ಸೈನ್ ಹಾಕುತ್ತೇನೆ ಎಂದರು. ಕ್ಯಾಂಪಿನಲ್ಲಿ ಸಾಹೇಬರು ನನ್ನನ್ನು ಆಫೀಸ್ ರೂಮಿಗೆ ಕರೆದರು. ಲಾಗ್ ಬುಕ್ ಓದಿದರು. ಮೇಜಿನ ಮೇಲಿನ ಸ್ಕೇಲನ್ನು ಪುಟದ ಬುಡಕ್ಕೆ ಒತ್ತಿ ನೀಟಾಗಿ ಹರಿದರು. ಮಡಚಿ ಜೇಬಿಗಿಟ್ಟರು.

"ಏನಿದು, ಕತೆ ಬರ್ದಿದೀರಾ? ನಾಳಿದ್ದು ಮೇಲಿನವರು ಬರ್ತಾರೆ. ಶನಿವಾರ ಗೇಟ್ ತೆಗೀಬೇಕು. ಒಂದು ಬೊಡ್ಡೆ ಬಿಸಿ ಇದೆ ಅಂತ ಇಡೀ ಪಾರ್ಕ್ ಮುಚ್ಚಿಡ್ಲಾ? ಬರ್ಕೊಳ್ಳಿ."

ಅವರು ಹೇಳಿದ್ದು: "ಒಟ್ಟು ಇಪ್ಪತ್ತಮೂರು ಬೊಡ್ಡೆಗಳನ್ನು ಕೈಯಿಂದ ಪರಿಶೀಲಿಸಲಾಗಿದೆ. ಎಲ್ಲವೂ ಸಂಪೂರ್ಣ ತಣ್ಣಗಾಗಿರುವುದನ್ನು ದೃಢಪಡಿಸಿಕೊಳ್ಳಲಾಗಿದೆ."

"ಸಾರ್, ಹನ್ನೊಂದು..."

"ನಾಳೆ ಅಗೀತಾರಲ್ಲ? ಅಗೆದ್ಮೇಲೆ ಇದು ನಿಜಾನೇ ತಾನೆ? ಒಂದು ದಿನ ಮುಂಚೆ ಬರೀತಿದೀವಿ, ಅಷ್ಟೆ. ಸೈನ್ ನೀವೇ ಮಾಡಿಸ್ಕೊಂಡು ಬನ್ನಿ."

ಬರೆದೆ. ಒಳ್ಳೆಯ ಅಕ್ಷರದಲ್ಲಿ.

ಮೇಸ್ತ್ರಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದರು. ಪುಟ ಕೊಟ್ಟೆ. ಅದರ ಮೇಲೆ ಬೆರಳಾಡಿಸಿದರು; ಸೈನ್ ಎಲ್ಲಿ ಹಾಕುವುದೆಂದು ಹುಡುಕುತ್ತಿದ್ದರೇನೋ. ಏನೂ ಕೇಳಲಿಲ್ಲ. ಹಾಕಿದರು. ಕೇಳಿದ್ದರೆ ಹೇಳುತ್ತಿದ್ದೆ.

ಹೇಳುತ್ತಿದ್ದೆನೇ?

ಒಂದು ಪುಟ. ಒಂದು ದಿನದ ಮಾತು. ಆರು ಸಾಲು ಇಲ್ಲಾದರೂ ಇರಲಿ.

ಫೆಬ್ರವರಿ 23, ಸಂಜೆ

ಇವತ್ತು ತಂಡ ಮಾಡಿದ ಕೆಲಸ: ವ್ಯೂ ಪಾಯಿಂಟ್ ರಸ್ತೆಯ ಬದಿಯ ಕಲ್ಲುಗಳಿಗೆ ಸುಣ್ಣ ಬಳಿದದ್ದು. ಅರವತ್ತೆರಡು ಕಲ್ಲು. ಬೆಂಕಿ ಆರಿಸುವ ಎಂಟು ಜನ, ಎಂಟು ಬ್ರಷ್ಷು.

ಬೊಡ್ಡೆ ಅಗೆಯಲು ನಾಲ್ಕು ಜನ ಬೇಕೆಂದು ಮೇಸ್ತ್ರಿ ಸಾಹೇಬರಿಗೆ ಹೇಳಿ ಕಳಿಸಿದರು. ಡ್ರೈವರಣ್ಣ ಉತ್ತರ ತಂದ: "ವಿಸಿಟ್ ಮುಗೀಲಿ, ಆಮೇಲೆ ಅಂತೆ. ಬೊಡ್ಡೆ ಎಲ್ಲಿಗೂ ಓಡಿ ಹೋಗಲ್ಲ ಅಂದ್ರು ಸಾಹೇಬ್ರು."

"ಓಡಲ್ಲ," ಎಂದರು ಮೇಸ್ತ್ರಿ. "ನಡಿಯುತ್ತೆ."

ಫೆಬ್ರವರಿ 25, ಶನಿವಾರ

ಗೇಟ್ ತೆರೆದರು. ನಾವು ಪಾರ್ಕಿಂಗ್ ಡ್ಯೂಟಿ. ಮೇಸ್ತ್ರಿ ಮತ್ತೆ ಕೇಳಿದರಂತೆ. "ಭಾನುವಾರದ ರಶ್ ಕಳೀಲಿ," ಅಂದರಂತೆ ಸಾಹೇಬರು.

ಗಾಳಿ ಎದ್ದಿದೆ. ನನ್ನ ಟೋಪಿ ಎರಡು ಸಲ ಹಾರಿತು. ಮೇಸ್ತ್ರಿಯ ಮುಖ ನೋಡಲು ಆಗುತ್ತಿಲ್ಲ.

ಮಾರ್ಚ್ 1

ಐದು ದಿನ... ಇಲ್ಲ, ನಾಲ್ಕು. ಲೆಕ್ಕ ತಪ್ಪಿದೆ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಹಾರೆ ಹೆಗಲಿಗಿಟ್ಟುಕೊಂಡು ನಡೆದೇ ಹೊರಟರು. ರೇಡಿಯೊ ಹಿಂದೆ ಓಡಿದ — "ಒಬ್ರೇ ಹೋದ್ರೆ ನಿಮ್ಜೊತೆ ಮಾತಾಡೋರು ಯಾರು?" ನಾನು ಪಾರ್ಕಿಂಗಿನಲ್ಲಿ ಸೀಟಿ ಊದುತ್ತ ನಿಂತಿದ್ದೆ.

ಅವರು ಮುಟ್ಟುವ ಮೊದಲೇ ಎದ್ದಿತ್ತು. ಬೊಡ್ಡೆಯ ಹತ್ತಿರ ಅಲ್ಲ. ಬೇರು ಫೈರ್ ಲೈನಿನ ಅಡಿಯಿಂದ ಹಾದು ಆಚೆ ಹೋಗಿತ್ತು, ಒಣ ಹುಲ್ಲಿನೊಳಗೆ. ಗಾಳಿ ಬೇರೆ. ಹನ್ನೆರಡು ಗಂಟೆಗೆ ಒಂದು ಗುಡ್ಡ, ಎರಡಕ್ಕೆ ಮೂರು.

ವ್ಯೂ ಪಾಯಿಂಟಿನಲ್ಲಿ ನಲವತ್ತು ಕಾರು. ಹೊಗೆಯಲ್ಲಿ ರಸ್ತೆ ಕಾಣದು. ರೇಡಿಯೊ ಬಂಡೆಯೊಂದರ ಮೇಲೆ ನಿಂತು ವಾಕಿಟಾಕಿಯಲ್ಲಿ ಹೇಳುತ್ತ ಹೋದ: ಗಾಳಿ ಎಡಕ್ಕೆ ತಿರುಗಿತು, ಈಗ ಹತ್ತು ಕಾರು ಬಿಡಿ, ನಿಲ್ಲಿಸಿ, ನಿಲ್ಲಿಸಿ, ಈಗ ಬಿಡಿ. ನಾನು ಕೆಳಗೆ ಆ ದನಿ ಕೇಳಿ ಕೇಳಿ ಕಾರು ಬಿಟ್ಟೆ. ನಲವತ್ತು ನಿಮಿಷ ಅವನ ಬಾಯಿ ಮುಚ್ಚಲಿಲ್ಲ. ಕೊನೆಯ ಕಾರು ದಾಟಿದ ಮೇಲೆ ಮುಚ್ಚಿತು. ಮೇಸ್ತ್ರಿ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಹಳ್ಳಕ್ಕೆ ಇಳಿದರು.

ಆಸ್ಪತ್ರೆಯಲ್ಲಿದ್ದಾನೆ. ಹೊಗೆ ಶ್ವಾಸಕೋಶಕ್ಕೆ ಇಳಿದಿದೆಯಂತೆ. ಬದುಕುತ್ತಾನೆ ಎಂದರು ಡಾಕ್ಟರು, ದನಿ ಬರುವುದು ಯಾವಾಗಲೋ ತಿಳಿಯದು ಎಂದರು. ಬೆಳಿಗ್ಗೆ ನೋಡಲು ಹೋದೆ. ಮಾಸ್ಕಿನೊಳಗಿಂದ ಕಣ್ಣು ಮಿಟುಕಿಸಿದ. ಆ ವಾರ್ಡಿನಷ್ಟು ನಿಶ್ಶಬ್ದ ನಾನು ಎಲ್ಲೂ ಕೇಳಿಲ್ಲ.

ಏಳಕ್ಕೆ ಕೈ ತೆಗೆದ ಬೇರು ಅದು. ನನಗೆ ಗೊತ್ತಿತ್ತು. ನನಗೂ, ಇಸ್ತ್ರಿ ಅಂಗಿಯ ಜೇಬಿಗೂ.

ಮಾರ್ಚ್ 2

ನೋಟಿಸ್ ಬಂತು. ಮೇಸ್ತ್ರಿಗೆ. ಓದಿ ಹೇಳು ಎಂದು ನನ್ನ ಕೈಗೇ ಕೊಟ್ಟರು.

"ಸ್ಥಳದಲ್ಲಿ ಸರಿಯಾಗಿ ಪರಿಶೀಲಿಸದೆ ಎಲ್ಲ ಬೊಡ್ಡೆಗಳು ತಣ್ಣಗಾಗಿವೆ ಎಂದು ಸುಳ್ಳು ದಾಖಲೆ ಸೃಷ್ಟಿಸಿ ಸಹಿ ಮಾಡಿರುವುದು... ಅನುಮತಿಯಿಲ್ಲದೆ ಸದರಿ ಸ್ಥಳಕ್ಕೆ ತೆರಳಿರುವುದು ಅನುಮಾನಕ್ಕೆ ಆಸ್ಪದ ನೀಡಿರುವುದು..." ವಿಚಾರಣೆ ಮುಗಿಯುವವರೆಗೆ ಕೆಲಸವಿಲ್ಲ. ತಪ್ಪು ಸಾಬೀತಾದರೆ ಮುಂದೆಂದೂ ಪಾರ್ಕಿನ ಗಡಿಯೊಳಗೆ ಕಾಲಿಡುವಂತಿಲ್ಲ.

ಅನುಮಾನವಂತೆ! ಬೆಂಕಿ ಹಚ್ಚಿದವರೇ ಅವರು ಎನ್ನುವ ಧಾಟಿ. ಇಪ್ಪತ್ತಾರು ಬೇಸಿಗೆ ಕೈ ಸುಟ್ಟುಕೊಂಡವರು ಅಪರಾಧಿ. ಪೈಪು ಹಿಡಿದು ಫೋಟೊ ತೆಗೆಸಿಕೊಂಡವರು ಈ ನೋಟಿಸಿಗೆ ಸಹಿ ಹಾಕಿದ ಅಧಿಕಾರಿ. ಆ ಫೋಟೊ ಗೇಟಿನ ಹತ್ತಿರದ ಬೋರ್ಡಿನಲ್ಲಿ ಇನ್ನೂ ಇದೆ. ಅದರಲ್ಲಿ ಪೈಪಿನ ತುದಿಯಲ್ಲಿ, ನೀರಿನ ಕೆಳಗೆ, ನನ್ನ ಸೀಮೆಸುಣ್ಣದ ಹನ್ನೊಂದು ಕಾಣುತ್ತದೆ. ಯಾರೂ ನೋಡುವುದಿಲ್ಲ.

ಅರ್ಧ ಓದಿ ನಿಲ್ಲಿಸಿದೆ.

"ಪಾರ್ಕೊಳಗೆ ಬರಬಾರ್ದು ಅಂತಾನೂ ಬರ್ದಿದ್ದಾರಾ?" ಎಂದು ಕೇಳಿದರು.

ಹೂಂ ಎಂದೆ.

"ಹೊರಗೆ ನಂಗೆ ಏನಿದೆ?" ಎಂದರು. ಕೇಳಿದ್ದು ನನ್ನನ್ನಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ತಲೆ ಬಾಚಿರಲಿಲ್ಲ. ಆ ಹತ್ತಿಪ್ಪತ್ತು ಕೂದಲು ಗಾಳಿಗೆ ನೆಟ್ಟಗೆ ನಿಂತಿದ್ದವು.

ಮಾರ್ಚ್ 3

ಸಾಹೇಬರು ಕರೆಸಿದರು. ಕುರ್ಚಿ ತೋರಿಸಿದರು. ಇದುವರೆಗೆ ತೋರಿಸಿರಲಿಲ್ಲ.

"ನಾಳೆ ವಿಚಾರಣೆ ಇದೆ. ನಿಮ್ಮನ್ನೂ ಕೇಳ್ತಾರೆ. ಹೆದರ್ಕೋಬೇಡಿ. ನಿಮಗೇನೂ ತೊಂದರೆ ಆಗಲ್ಲ. ಅವನು ಹೇಳಿದ, ನೀವು ಬರೆದ್ರಿ. ನೀವು ಬರೀ ಬರೆದವರು."

ಕುರ್ಚಿಯ ತುದಿಗೆ ಸರಿದೆ.

"ನಿಮ್ಮಂಥ ಅಕ್ಷರ ಇರೋರು ಆ ಸ್ಟೋರ್ ರೂಮಲ್ಲಿ ಇರಬಾರ್ದು. ಆಫೀಸಿಗೆ ಒಬ್ರು ಬೇಕಾಗಿದ್ದಾರೆ. ಪರ್ಮನೆಂಟ್ ಮಾಡ್ಸೋಣ."

ಬರೀ ಬರೆದವಳು. ಐದು ವರ್ಷ ಕಾಲೇಜಿನಲ್ಲಿ ಏನು ಓದಿದೆ ನಾನು? ಬರೆದದ್ದಕ್ಕೆ ಬರೆದವರೇ ಹೊಣೆ ಎಂದು ಪರೀಕ್ಷೆಯಲ್ಲಿ ಹತ್ತು ಪುಟ ಬರೆದು ಮಾರ್ಕ್ಸ್ ತೆಗೆದುಕೊಂಡವಳು. ಎದುರಿಗೆ ಒಬ್ಬ ಮನುಷ್ಯ ಸ್ಕೇಲಿಟ್ಟು ಪುಟ ಹರಿದಾಗ ಹನ್ನೊಂದು ಎಂಬ ಒಂದು ಶಬ್ದದ ಆಚೆ ಮಾತು ಬರಲಿಲ್ಲ. ಆ ಮೇಜಿನ ಮೇಲೆ ಸ್ಕೇಲು ಇನ್ನೂ ಅಲ್ಲೇ ಇತ್ತು. ಎತ್ತಿ ಅವರ ಅಂಗಿಯ ಗೆರೆಯ ಮೇಲೆ... ಏನೂ ಮಾಡಲಿಲ್ಲ. "ಥ್ಯಾಂಕ್ಸ್ ಸಾರ್" ಎಂದು ಎದ್ದು ಬಂದೆ. ಥ್ಯಾಂಕ್ಸ್!

ಮಾರ್ಚ್ 4

ವಿಚಾರಣೆ ಅಧಿಕಾರಿ ಹೆಂಗಸು. ಐವತ್ತರ ಹತ್ತಿರ. ಕನ್ನಡಕ ಹಣೆಯ ಮೇಲೆ, ಓದುವಾಗ ಮಾತ್ರ ಕೆಳಗೆ. ಒರಟಾಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಸಾಹೇಬರು ಕಾಲ ಮೇಲೆ ಕಾಲು ಹಾಕಿ.

"ಈ ಅಕ್ಷರ ನಿಮ್ಮದಾ?"

"ಹೌದು ಮೇಡಂ."

"ಮೇಸ್ತ್ರಿ ಹೇಳಿದ್ದನ್ನೇ ಬರೆದ್ರಾ?"

ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಟೈಪಿಸ್ಟ್ ಬೆರಳೆತ್ತಿ ಕಾಯುತ್ತಿದ್ದ. ಕಾಯುತ್ತ ಬೇಸರವಾಯಿತೋ ಏನೋ, ಟೈಪ್ ಮಾಡಿಬಿಟ್ಟ. ಹೊರಗೆ ಬಂದ ಮೇಲೆ ನಕಲು ಕೊಟ್ಟರು. "ಸಾಕ್ಷಿ: ಹೌದು."

ನಾನು ಹೌದು ಎನ್ನಲಿಲ್ಲ! ಅಲ್ಲ ಎಂದೂ ಅನ್ನಲಿಲ್ಲ. ಈ ಲೋಕದಲ್ಲಿ ಸುಮ್ಮನಿರುವವರ ಪರವಾಗಿ ಟೈಪ್ ಮಾಡಲು ಯಾವನೋ ಒಬ್ಬ ಸದಾ ಸಿದ್ಧವಾಗಿರುತ್ತಾನೆ.

ಬಾಗಿಲು ದಾಟುವಾಗ ಆ ಮೇಡಂ ಹೇಳಿದ್ದು: "ಒಂಬತ್ತನೇ ತಾರೀಖು ಕೊನೇ ಸಿಟ್ಟಿಂಗ್. ಬೇರೆ ಯಾವುದಾದ್ರೂ ದಾಖಲೆ ಇದ್ರೆ ಅಷ್ಟರಲ್ಲಿ ಕೊಡಬಹುದು. ಯಾರು ಬೇಕಾದ್ರೂ." ನನ್ನ ಕಡೆ ನೋಡಿ ಹೇಳಿದರೇ? ಗೊತ್ತಿಲ್ಲ. ಕನ್ನಡಕ ಹಣೆಯ ಮೇಲಿತ್ತು.

ಮಾರ್ಚ್ 6, ಸಂಜೆ

ಮೇಸ್ತ್ರಿ ಈಗ ಗೇಟಿನ ಹೊರಗೆ ಡ್ರೈವರಣ್ಣನ ಮನೆಯಲ್ಲಿದ್ದಾರೆ. ಹೋದೆ. ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದರು. ದಾರಿಯಲ್ಲಿ ಆರು ಸಲ ಅಭ್ಯಾಸ ಮಾಡಿದ್ದ ಮಾತೆಲ್ಲ ಮರೆತುಹೋಗಿ, ನಿಂತಲ್ಲೇ ಹೇಳಿಬಿಟ್ಟೆ.

"ಆ ಪುಟದಲ್ಲಿ ನೀವು ಹೇಳಿದ್ದು ಇರಲಿಲ್ಲ. ಸಾಹೇಬ್ರು ಹರಿದ್ರು. ಬೇರೆ ಬರೆಸಿದ್ರು. ನಾನೇ ಬರೆದೆ. ನಿಮ್ಮ ಹತ್ರ ನಾನೇ ಸೈನ್ ಹಾಕಿಸಿದೆ."

ಕೊಡಲಿ ಕೆಳಗಿಟ್ಟರು.

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನಾನು ಹೇಳಿದ್ದು ಆರು ಸಾಲು. ಬೊಡ್ಡೆ ಹತ್ರ ಕೂತು ನೀನು ಬರೀತಿದ್ದಾಗ ನೋಡ್ತಾನೇ ಇದ್ದೆ, ಆರಕ್ಕೂ ಬೇರೆ ಬೇರೆ ಗೆರೆ. ಸಂಜೆ ತಂದಿದ್ರಲ್ಲಿ ಎರಡೇ. ಓದೋಕೆ ಬರಲ್ಲ ಅಂದ್ರೆ ಎಣಿಸೋಕೂ ಬರಲ್ವೇನಮ್ಮ?"

ಆ ಬೆರಳು. ಅವತ್ತು ಪುಟದ ಮೇಲೆ ಆಡಿದ ಬೆರಳು.

"ಮತ್ತೆ ಯಾಕೆ ಸೈನ್ ಹಾಕಿದ್ರಿ?"

"ಓದಿದೋಳಲ್ವಾ. ಆರು ಸಾಲಿನ ಮಾತು ಎರಡೇ ಸಾಲಲ್ಲಿ ಹೇಳೋಕೆ ಕಲ್ತಿರ್ತಾಳೆ ಅಂದ್ಕೊಂಡೆ." ಒಡೆದ ಸೌದೆ ಒಟ್ಟುತ್ತ, "ಚಂದ ಇತ್ತು ಅಕ್ಷರ," ಎಂದರು.

ಬೈದಿದ್ದರೆ ಆಗುತ್ತಿತ್ತು. ಕೊಡಲಿ ಎತ್ತಿ ಅಟ್ಟಿಸಿಕೊಂಡು ಬಂದಿದ್ದರೂ ಆಗುತ್ತಿತ್ತು. ಅಳು ಬಂತು. ಮೇಸ್ತ್ರಿಗೆ ಹೆಂಗಸರು ಅತ್ತರೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ನನ್ನ ಕೈಗೆ ಎರಡು ತುಂಡು ಸೌದೆ ಕೊಟ್ಟರು. ಹಿಡಿದುಕೊಂಡು ಅತ್ತೆ.

"ಆರು ಸಾಲು ನನ್ನ ಹತ್ರ ಇದೆ," ಎಂದೆ ಕೊನೆಗೆ. "ಬೇರೆ ಪುಸ್ತಕದಲ್ಲಿ. ತಾರೀಖು, ಗಂಟೆ ಹಾಕಿ ಬರೆದಿದ್ದೀನಿ."

"ಅದನ್ನ ಕೊಟ್ರೆ ನಿಂಗೇನಾಗುತ್ತೆ?"

"ಸುಳ್ಳು ಪುಟ ಬರೆದೋಳು ನಾನು ಅಂತ ಆಗುತ್ತೆ."

"ಕೆಲಸ?"

"ಹೋಗುತ್ತೆ."

ಮೇಸ್ತ್ರಿ ಕೊಡಲಿ ಎತ್ತಿಕೊಂಡರು. "ಹುಡುಗನ ದನಿ ಬಂತಾ?" ಎಂದು ಕೇಳಿದರು.

ಮಾರ್ಚ್ 7

ಕೊಡುವುದಾದರೆ ಇಡೀ ಪುಸ್ತಕ ಕೊಡಬೇಕು. ಒಂದೇ ಹಾಳೆ ಹರಿದುಕೊಟ್ಟರೆ ನಿನ್ನೆ ಬರೆದು ತಂದಳು ಎನ್ನುತ್ತಾರೆ. ನಾನೂ ಪುಟ ಹರಿದವಳಾಗುತ್ತೇನೆ.

ಆದ್ದರಿಂದ ಮೊದಲಿಂದ ಓದಿದೆ, ಬೇರೆಯವರ ಕಣ್ಣಿನಲ್ಲಿ. ದೇವರೇ. ಮುದುಕನಿಗೆ ಶೋಕಿ — ಇದನ್ನು ಮೇಸ್ತ್ರಿಯ ಎದುರೇ ಗಟ್ಟಿಯಾಗಿ ಓದಿಸಿದರೆ? ಇಸ್ತ್ರಿ ಸಾಹೇಬರು ಎಂಬುದು ದಾಖಲೆಗೆ ಹೋಗುತ್ತದೆ, ಅದಕ್ಕೆ ಬೇಸರವಿಲ್ಲ. ಇಪ್ಪತ್ತೊಂದನೇ ತಾರೀಖಿನ ಹುಬ್ಬು, ಬಾಟಲಿ, ಬಹಳ ಹೊತ್ತು ನೋಡಿದ್ದು... ಟೈಪಿಸ್ಟ್ ಅದನ್ನು ಎರಡು ಬೆರಳಲ್ಲಿ ಟೈಪ್ ಮಾಡುತ್ತಾನೆ. "ಸಾಕ್ಷಿಯು ನೋಡಲು ಚೆನ್ನಾಗಿದ್ದ ಎಂದು ತಿಳಿಸಿರುತ್ತಾರೆ."

ಆ ಸಾಲುಗಳ ಮೇಲೆ ಪೆನ್ನಿಟ್ಟೆ. ಹೊಡೆದುಹಾಕಲು. ತೆಗೆದೆ. ಒಂದು ಸಾಲು ಹೊಡೆದರೆ ಇನ್ನೂ ಎಷ್ಟು ಸಾಲು ತಿದ್ದಿದ್ದೀರಿ ಎಂದು ಕೇಳುತ್ತಾರೆ. ಸರಿಯಾಗಿಯೇ ಕೇಳುತ್ತಾರೆ.

ಓದಲಿ.

ಮಾರ್ಚ್ 8

ಅಮ್ಮನಿಗೆ ಹೇಳಿದೆ. ಎಲ್ಲ.

"ಪರ್ಮನೆಂಟ್ ಅಂದಿದ್ದಾರೆ, ಆಫೀಸು, ಫ್ಯಾನು, ಕುರ್ಚಿ. ನಿಂಗೆ ಯಾಕೆ ಬೇಕಿತ್ತು ಇಲ್ಲದ ಉಸಾಬರಿ? ಆ ಮನುಷ್ಯ ನಿಂಗೇನು ಮಾವನಾ, ಚಿಕ್ಕಪ್ಪನಾ?"

"ಅವರ ಸೈನ್ ನಾನು ಕದ್ದಿದ್ದೀನಮ್ಮ."

ಹೊಲಿಗೆ ಯಂತ್ರ ನಿಂತಿತು. ನನಗೆ ತಿಳಿದ ಮಟ್ಟಿಗೆ ಮೊದಲ ಸಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

"ಆ ಪುಸ್ತಕದಲ್ಲಿ ನನ್ನ ಬಗ್ಗೆ ಏನು ಬರ್ದಿದೀಯೇ?"

"ಸ್ವಲ್ಪ ಇದೆ."

"ಹಾಳಾದೋಳೆ," ಎಂದಳು. ಯಂತ್ರ ಮತ್ತೆ ಶುರುವಾಯಿತು. "ಒಗೆದ ಬಟ್ಟೆ ಹಾಕ್ಕೊಂಡು ಹೋಗು. ತಲೆ ಬಗ್ಗಿಸಿಕೊಂಡು ಗೊಣಗಬೇಡ, ಕೇಳೋ ಹಾಗೆ ಹೇಳು."

ಮಧ್ಯಾಹ್ನ ಆಸ್ಪತ್ರೆ. ರೇಡಿಯೊನ ಮಾಸ್ಕ್ ತೆಗೆದಿದ್ದಾರೆ. ಮಾತು ಇಲ್ಲ, ಸ್ಲೇಟು ಕೊಟ್ಟಿದ್ದಾರೆ. ನಾಳೆ ವಿಚಾರಣೆಗೆ ಈ ಪುಸ್ತಕ ಕೊಡುತ್ತೇನೆ ಎಂದೆ. ಪುಸ್ತಕದಲ್ಲಿ ಅವನೂ ಇದ್ದಾನೆ, ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತಿದ್ದೇನೆ ಎಂದೂ ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆನೋ. ಇರುವೆಗೆ ಕೇಳಿರಬೇಕು.

ಸ್ಲೇಟಿನಲ್ಲಿ ಬರೆದ: "ಜೋರಾಗಿ. ನನ್ನ ಪಾಲಿನದನ್ನೂ ಸೇರಿಸಿ ಮಾತಾಡು."

ಮಾರ್ಚ್ 9, 10:35

ವಿಚಾರಣೆ ಕೋಣೆಯ ಹೊರಗೆ, ಬೆಂಚು. ಬೆಂಚಿನ ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ. ಪಕ್ಕದಲ್ಲಿ ಮೇಸ್ತ್ರಿ, ತಲೆಗೆ ಎಣ್ಣೆ ಹಾಕಿ ಅಡ್ಡಕ್ಕೆ ಬಾಚಿದ್ದಾರೆ. ಒಳಗೆ ಸಾಹೇಬರ ನಗು ಕೇಳುತ್ತಿದೆ. ನಗಲಿ, ಇನ್ನು ಹತ್ತು ನಿಮಿಷ.

ಹೆದರಿಕೆ ಇದೆ. ಸಿಟ್ಟು ಅದಕ್ಕಿಂತ ಹೆಚ್ಚಿದೆ. ಸಿಟ್ಟಿಗೆ ಒಂದು ಉಪಯೋಗ ಇದೆ ಎಂದು ಇವತ್ತೇ ಗೊತ್ತಾದದ್ದು — ಬೆನ್ನು ನೆಟ್ಟಗೆ ನಿಲ್ಲುತ್ತದೆ.

ಮೇಸ್ತ್ರಿ: "ಅವತ್ತು ಹೇಳಿದ್ದು ಇನ್ನೊಂದ್ಸಲ ಬರಿ. ಹೇಳ್ತೀನಿ. ನಾನು ಎಣಿಸ್ತೀನಿ."

"ಹಿಂದೆ ಇದೆ, ಬರೆದದ್ದು."

"ಅದು ನಾನು ನೋಡಿಲ್ಲ. ನನ್ನ ಕಣ್ಣೆದುರಿಗೆ ಬರಿ."

ಇಪ್ಪತ್ತಮೂರು ಬೊಡ್ಡೆ ನೋಡಿದ್ವಿ.

"ಒಂದು."

ಇಪ್ಪತ್ತೆರಡು ಮಲಗಿವೆ.

ಹನ್ನೊಂದನೇ ಬೊಡ್ಡೆ ಮಲಗಿಲ್ಲ.

"ಮೂರು. ಅಕ್ಷರ ಯಾಕೆ ಸೊಟ್ಟ ಆಗಿದೆ?" ಬೆಂಚು ಅಲ್ಲಾಡ್ತಿದೆ ಎಂದೆ. "ಬೆಂಚಲ್ಲ, ನೀನು," ಎಂದರು.

ಹಳ್ಳದ ಕಡೆ ಬೇರು, ಏಳಕ್ಕೆ ಕೈ ತೆಗೆದೆ.

ಅಗೆಯೋಕೆ ನಾಲ್ಕು ಜನ, ಅರ್ಧ ದಿನ ಬೇಕು.

"ಐದು." ಬೆರಳು ಪುಟದ ಮೇಲೆ, ಆರನೆಯದು ಬರಬೇಕಾದ ಜಾಗದಲ್ಲಿ ಕಾಯುತ್ತಿದೆ. ಬಾಗಿಲು ತೆರೆಯಿತು. ನನ್ನನ್ನೇ ಕರೆಯುತ್ತಿದ್ದಾರೆ. ಒಂದು ನಿಮಿಷ ಎಂದೆ — ಗಟ್ಟಿಯಾಗಿ, ಒಳಗಿನ ನಗು ನಿಂತಿತು —

ನಾಳೆ ನಾನೇ ಬಂದು ಕೈ